ಮುಚ್ಚಳದ ಚಕ್ರ

“ಬೇಡ ಮಾರಾಯಾ, ಆ ಚಕ್ರ ತಿರುಗಿಸ್ಬೇಡ. ಶಾಪ ಉಂಟು ಅದಕ್ಕೆ,” ಎಂದರು ಭಟ್ಕಳದ ಗುಜರಿ ವ್ಯಾಪಾರಿ ಅಬ್ದುಲ್ ಮಜೀದ್.

ಗಲ್ಫಿನ ಜೆಬೆಲ್ ಅಲಿ ಬಂದರಿನ ಗುಜರಿ ಅಂಗಳದಲ್ಲಿ ತುಕ್ಕು, ಡೀಸೆಲ್, ಕೊಳೆತ ಚಿಪ್ಪಿನ ನಾತ. ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯ ಮೇಲ್ಬಾಗಿಲ ಮುಚ್ಚಳ, ಬಿಗಿಯುವ ಚಕ್ರದ ಸಮೇತ, ಅಲ್ಲಿ ಬಿದ್ದಿತ್ತು. ಅದನ್ನು ಸಂಗ್ರಹಾಲಯಕ್ಕೆ ಕಳಿಸುವ ಮುನ್ನ ನೌಕೆಯ ಸೇವಾ ಚರಿತ್ರೆ ಬರೆಯುವುದು ಮೈಸೂರಿನಿಂದ ಹೊಸದಾಗಿ ಬಂದ ಅಮೋಘನ ಕೆಲಸ. ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಮುಳುಗಿಸಿದ್ದು, ಆಫ್ರಿಕವನ್ನು ಸುತ್ತಿ ಅರಬ್ಬೀ ಸಮುದ್ರಕ್ಕೆ ಬಂದದ್ದು, ಎಲ್ಲ ಅವನಿಗೆ ಬಾಯಿಪಾಠ. ಅದರ ಕೊನೆಯ ಕತೆಯನ್ನು ಮಜೀದ್ ಹೇಳಿದರು. ಶತ್ರು ವಿಮಾನ ಕಂಡಿತು. ಮೇಲಿದ್ದ ನಾವಿಕ ಇಳಿಯುವ ಮೊದಲೇ ಅವನ ಗೆಳೆಯ ಮುಚ್ಚಳ ಬಿಗಿದು ನೌಕೆಯನ್ನು ನೀರಡಿಗಿಳಿಸಿದ. ಹೊರಗಿದ್ದವನು ಬಡಿಯುತ್ತಲೇ ಶಪಿಸಿದನಂತೆ.

“ಜರ್ಮನ್ ಶಾಪ ನಂಗೆ ಅರ್ಥಾನೇ ಆಗಲ್ಲ ಬಿಡಿ,” ಎಂದು ನಕ್ಕ ಅಮೋಘ ಚಕ್ರ ತಿರುಗಿಸಿಬಿಟ್ಟ. ಎಂಜಿನಿಯರಿಂಗ್ ಓದಿದ ಹುಡುಗ, ಹೆದರಿದರೆ ಮರ್ಯಾದೆ ಹೋಗುತ್ತದಲ್ಲ!

ಕಬ್ಬಿಣದಡಿಯಿಂದ ಬಡಿತ ಕೇಳಿಸಿತು. ಟಕ್. ಟಕ್.

ಅಂದಿನಿಂದ ಮುಚ್ಚಿದ್ದೆಲ್ಲ ಬಡಿಯತೊಡಗಿತು. ಸತ್ವಾ ಬಡಾವಣೆಯ ಅವನ ಕೋಣೆಯ ಫ್ರಿಜ್, ಲಿಫ್ಟು, ಕಾರಿನ ಡಿಕ್ಕಿ. ಪ್ರತಿ ಸಲವೂ ಓಡಿಹೋಗಿ ತೆರೆಯುತ್ತಿದ್ದ. ಒಳಗೆ ಬರೀ ಉಪ್ಪು ನೀರಿನ ವಾಸನೆ. ಅವನಿಗೆ ವೀಸಾ ಕೊಡಿಸಿ ಕೋಣೆಯಲ್ಲೂ ಜಾಗ ಕೊಟ್ಟಿದ್ದ ಮಂಗಳೂರಿನ ಲಿಯೊನೆಲ್‌ಗೆ ಕನಿಕರವೆನಿಸಿತು.

“ನಿಂಗೆ ಮರ್ಲಾ ಮಾರಾಯಾ? ಇನ್ನು ಕೇಳಿದ್ರೂ ತೆಗೀಬೇಡ. ತನ್ನಷ್ಟಕ್ಕೆ ನಿಲ್ತದೆ.”

ಆಗಸ್ಟ್ ತಿಂಗಳ ಮಧ್ಯಾಹ್ನ. ಮುಚ್ಚಳವನ್ನು ಕಂಟೇನರಿಗೆ ತುಂಬಿದ್ದಾಗಿತ್ತು. ಎಲ್ಲರೂ ಊಟಕ್ಕೆ ಹೋದರೆಂದುಕೊಂಡು ಅಮೋಘ ಬಾಗಿಲೆಳೆದು ಅಗುಳಿ ಜಡಿದ.

ಟಕ್. ಟಕ್. ಟಕ್.

ಈ ಸಲ ತೆರೆಯಲಾರೆ ಎಂದುಕೊಂಡ. ಬೆವರು ಕಣ್ಣಿಗಿಳಿಯಿತು. ಬಡಿತ ಜೋರಾಯಿತು. “ಅಮೋಘಾ!” ಕೂಗು ಬಂತು. ಶಾಪಕ್ಕೆ ಹೆಸರೂ ಗೊತ್ತಾಯಿತೇ! ಕಿವಿ ಮುಚ್ಚಿಕೊಂಡ. ಕೂತ. ಕೈ ತೆಗೆದ. ಇನ್ನೂ ಕೂಗು. ಮತ್ತೆ ಮುಚ್ಚಿಕೊಂಡ. ಗಂಟೆ ಕಳೆಯುವಷ್ಟರಲ್ಲಿ ಬಡಿತ ನಿಧಾನವಾಯಿತು. ನಿಂತಿತು.

ಎಷ್ಟೋ ದಿನಗಳ ಮೇಲೆ ಅವನು ಹೊಟ್ಟೆ ತುಂಬ ಉಂಡ. ಪಕ್ಕದಲ್ಲಿ ಲಿಯೊನೆಲ್‌ನ ಬುತ್ತಿ ಹಾಗೇ ಇತ್ತು. “ಅವನೆಲ್ಲಿ?” ಎಂದು ಕೇಳಿದ.

“ಸರಕಿಗೆ ಹಗ್ಗ ಬಿಗೀಲಿಕ್ಕೆ ಕಂಟೇನರೊಳಗೆ ಹೋಗಿದ್ದ,” ಎಂದರು ಮಜೀದ್.

ಅಮೋಘ ಎದ್ದು ಓಡಿದ. ಅಗುಳಿ ಕೈ ಸುಟ್ಟಿತು. ಬಾಗಿಲಿಗೇ ಒರಗಿ ಕೂತಿದ್ದ ಲಿಯೊನೆಲ್ ಅವನ ಕಾಲ ಮೇಲೆ ಉರುಳಿದ. ಉಸಿರಿರಲಿಲ್ಲ.

ಮರುದಿನ ಮಂಗಳೂರಿನಿಂದ ಲಿಯೊನೆಲ್‌ನ ಹೆಂಡತಿ ಪ್ಯಾಟ್ರಿಶಿಯಾ ಫೋನ್ ಮಾಡಿದಳು. “ಅವ್ರು ಕೂಗ್ಲಿಲ್ವಾ ಅಮೋಘಾ? ಯಾರಿಗೂ ಕೇಳ್ಲಿಲ್ವಾ?”

ಗೆಳೆಯನನ್ನು ಕೊಂದವನು ತಾನೇ ಎಂದು ಹೇಳಿಬಿಡಲು ಅವನು ಬಾಯಿ ತೆರೆದ.

“ಇಲ್ಲ ಅಕ್ಕಾ,” ಎಂದ. “ಯಾರಿಗೂ ಕೇಳಿಸ್ಲಿಲ್ಲ.”