ಕೊನೆಗೆ ಉಳಿದ ವಾಲ್ವ್ ಕವರ್

ಶಶಿಕಿರಣ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ವಸ್ತುವನ್ನು ಶಿಲ್ಪಾ ಎತ್ತಿ, ಹಿಂದುಮುಂದು ತಿರುಗಿಸಿ ನೋಡಿ, ಏನೂ ಕೇಳದೆ ತಕ್ಕಡಿಗೆ ಹಾಕಿದಳು.

"ಹಳೇ ಅಲ್ಯೂಮಿನಿಯಂ. ಬದಲಿಗೆ ಎಂತ ಕೊಡ್ಲಿ, ಇಡ್ಲಿ ಪಾತ್ರೆನಾ?"

"ಅದು ಗುಜರಿ ಅಲ್ಲ. ವಾಲ್ವ್ ಕವರ್. ಕಾರಿನ ಎಂಜಿನ್ ಮೇಲೆ ಕೂರೋ ಮುಚ್ಚಳ."

"ಮುಚ್ಚಳ ತಂದಿದ್ದೀರಿ. ಪಾತ್ರೆ ಎಲ್ಲಿ?"

"ಜಾವಳೀಲಿ ನಿಂತಿದೆ. ನಿಮ್ಮ ತಕ್ಕಡಿಗೆ ಹತ್ತಲ್ಲ."

ಶಿಲ್ಪಾ ನಗಲಿಲ್ಲ. ಆದರೆ ನಗು ತಡೆಯುವಾಗ ಅವಳ ಕೆಳದುಟಿಯ ಒಂದು ತುದಿ ಹಲ್ಲಿನ ಒಳಗೆ ಹೋಯಿತು. ಶಶಿಕಿರಣ್ ಅದನ್ನು ನೋಡಿದ. ನೋಡಬಾರದಿತ್ತೇನೋ ಎಂದು ಮೇಲಿನ ಗೂಡಿನಲ್ಲಿದ್ದ ಹಿತ್ತಾಳೆ ಗಂಟೆಗಳ ಕಡೆಗೆ ಕಣ್ಣು ತಿರುಗಿಸಿದ.

ಗೋಣಿಬೀಡಿನ ಬಸ್ ನಿಲ್ದಾಣದ ಎದುರಿಗೆ ಏಕಾಂತಪ್ಪನವರ ಪಾತ್ರೆ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ದೀಪದ ಕಂಬ, ಗಂಟೆ, ತಂಬಿಗೆಗಳಿಗೆ ಹೊಳಪು ಕೊಡುವ ಬಫಿಂಗ್ ಯಂತ್ರವಿತ್ತು. ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹವನ್ನು ಒತ್ತಿ ಹಿಡಿದು ಕನ್ನಡಿಯಂತೆ ಮಾಡುವ ಕೆಲಸವನ್ನು ಏಕಾಂತಪ್ಪನವರ ಮಗಳು ಶಿಲ್ಪಾಳೇ ಮಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅಂಗಡಿಯೂ ಅಪ್ಪನೂ ಅವಳದೇ ಜವಾಬ್ದಾರಿ.

ಶಶಿಕಿರಣ್ ಮೂಡಿಗೆರೆಯ ಆಚೆ ಜಾವಳಿಯ ಕಾಫಿ ಬೆಳೆಗಾರ. ಅವನ ಹೆಂಡತಿ ಕುಸುಮಾ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಶಿವನು ಕರೆದುಕೊಂಡವರನ್ನು ಹಿಂದಕ್ಕೆ ಕೊಡುವುದಿಲ್ಲ. ಉಳಿದವರ ಕೈಗೆ ಏನಾದರೂ ಒಂದು ಕೆಲಸ ಕೊಡುತ್ತಾನೆ. ಶಶಿಕಿರಣ್‌ಗೆ ಸಿಕ್ಕಿದ್ದು ಕಣದ ಪಕ್ಕದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಅಂಬಾಸಿಡರ್. ಅದರ ಮೈಯನ್ನು ತಗ್ಗಿಸಿ, ಬಲವಾದ ಬೇರೊಂದು ಎಂಜಿನ್ ಕೂರಿಸಿ, ಬಾನೆಟ್ ತೆಗೆದುಹಾಕಿ ಅವನು ಅದನ್ನು ಹಾಟ್ ರಾಡ್ ಮಾಡುತ್ತಿದ್ದ. ಅಂಥ ಕಾರಿನಲ್ಲಿ ಎಂಜಿನ್ ಎಲ್ಲರ ಕಣ್ಣಿಗೆ ತೆರೆದಿರುತ್ತದೆ. ಓಡಿದರೆ ಮಾತ್ರ ಸಾಲದು, ನೋಡಲೂ ಚೆನ್ನಾಗಿರಬೇಕು. ಯಾವ ಭಾಗಕ್ಕೆ ಯಾವ ಹೊಳಪು, ಯಾವುದಕ್ಕೆ ಬಣ್ಣ ಎಂಬುದು ಅವನಿಗೆ ತೀರ್ಮಾನವಾಗುತ್ತಲೇ ಇರಲಿಲ್ಲ.

"ಎಲ್ಲದಕ್ಕೂ ಕ್ರೋಮ್ ಹಾಕಿಸಿಬಿಡೋಣ ಅಂತಿದ್ದೆ," ಎಂದು ಅವನು ಆ ಮೊದಲ ದಿನವೇ ಹೇಳಿದ.

"ಎಲ್ಲಾ ಹೊಳೆದ್ರೆ ಕಣ್ಣು ಎಲ್ಲಿ ನಿಲ್ಬೇಕು?" ಎಂದಳು ಶಿಲ್ಪಾ. "ಗರ್ಭಗುಡೀಲಿ ಕತ್ತಲೆ ಇರೋದ್ರಿಂದ ತಾನೇ ದೀಪ ಕಾಣೋದು. ಇದೊಂದು ಹೊಳೀಲಿ. ಮಿಕ್ಕಿದ್ದೆಲ್ಲ ಸುಮ್ನೆ ಇರ್ಲಿ."

"ಹಾಗಾದ್ರೆ ಇದಕ್ಕೆ ಪಾಲಿಶ್ ಮಾಡಿಕೊಡ್ತೀರಾ?"

"ಮಾಡ್ತೀನಿ. ಆದ್ರೆ ಕೊನೇಲಿ. ಈಗ ಹೊಳಪು ಕೊಟ್ರೆ ನೀವು ಎಣ್ಣೆ ಕೈಯಲ್ಲಿ ಮುಟ್ಟಿ ಮುಟ್ಟಿ ಹಾಳು ಮಾಡ್ತೀರಿ. ಇಲ್ಲೇ ಬಿಟ್ಟು ಹೋಗಿ. ಮಿಕ್ಕ ಪಾರ್ಟ್ ತನ್ನಿ, ನೋಡೋಣ."

ಅವನು ತಂದ. ಒಂದು ವಾರ ಏರ್ ಕ್ಲೀನರಿನ ಮುಚ್ಚಳ, ಇನ್ನೊಂದು ವಾರ ಪುಲ್ಲಿ. ಒಂದೇ ಸಲಕ್ಕೆ ಜೀಪಿನಲ್ಲಿ ತುಂಬಿಕೊಂಡು ಬರಬಹುದಿತ್ತು. ಹಾಗೆ ಮಾಡಬೇಕೆಂದು ಅವನಿಗೆ ಒಮ್ಮೆಯೂ ತೋಚಲಿಲ್ಲ.

"ಏರ್ ಕ್ಲೀನರ್‌ಗೆ ಮ್ಯಾಟ್ ಕಪ್ಪು," ಎನ್ನುತ್ತಿದ್ದಳು ಅವಳು. "ಪುಲ್ಲಿಗೆ ಎಂತದೂ ಬೇಡ, ಎರಕದ ಒರಟು ಹಾಗೇ ಇರ್ಲಿ, ಚಂದ ಇದೆ. ಎಕ್ಸಾಸ್ಟ್ ಪೈಪಿಗೆ ಬಿಸಿ ತಡೆಯೋ ಬಿಳಿ ಬಣ್ಣ ಇರತ್ತಲ್ಲ, ಅದು."

"ಎಂಜಿನ್ ಬ್ಲಾಕಿಗೆ? ಕಾಫಿ ಹಣ್ಣಿನ ಕೆಂಪು ಅಂದ್ಕೊಂಡಿದೀನಿ."

"ನಮ್ಮ ಕಡೆ ಯಾರನ್ನ ಕೇಳಿದ್ರೂ ಅದೇ ಹೇಳ್ತಾರೆ. ಹೋಂಸ್ಟೇ ಗೋಡೆಗೆ ಕೂಡ ಅದೇ. ಪಾರ್ಚ್‌ಮೆಂಟ್ ಬಣ್ಣ ಹೊಡೀರಿ."

"ಕಣದಲ್ಲಿ ಒಣಗೋ ಬೀಜದ ಬಣ್ಣನಾ?"

"ಹ್ಞೂಂ. ಪ್ರತಿ ವರ್ಷ ಕಣ್ಣೆದುರೇ ಹರವಿರ್ತೀರಿ. ಚಂದ ಅಂತ ಯಾವತ್ತಾದ್ರೂ ನೋಡಿದೀರಾ?"

ಅವನು ನೋಡಿರಲಿಲ್ಲ. ಆ ಸಂಜೆ ಕಣದ ಅಂಚಿನಲ್ಲಿ ಕುಳಿತು ನೋಡಿದ. ಬಿಸಿಲು ಇಳಿಯುವ ಹೊತ್ತಿನಲ್ಲಿ ಅದು ಹಳೆಯ ರೇಷ್ಮೆಯ ಹಾಗಿತ್ತು. ಮಾರನೆಯ ದಿನವೇ ಬಣ್ಣ ಕಲಸಿದ.

ಏಕಾಂತಪ್ಪನವರು ಗಲ್ಲಾದಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ವಿಭೂತಿ ಹಚ್ಚಿದ ಹಣೆ ಪೇಪರಿನ ಮೇಲೆ ಸ್ವಲ್ಪವೇ ಕಾಣುತ್ತಿತ್ತು. "ಏನಪ್ಪ ಶಶಿ, ಮೂಡಿಗೆರೆ ದಾಟಿ ಇಷ್ಟು ದೂರ ಬರ್ತೀಯ. ಅಲ್ಲಿ ಯಾರಿಗೂ ಕಣ್ಣಿಲ್ವಾ ಬಣ್ಣ ಹೇಳೋಕೆ?"

"ಇದ್ದಾರೆ, ಏಕಾಂತಪ್ಪನೋರೆ. ಅವ್ರು ಹೇಳಿದ್ದು ನನಗೆ ಒಪ್ಪಲ್ಲ."

"ಒಪ್ಪಲ್ವಾ. ಸರಿ," ಎಂದು ಅವರು ಹಾಳೆ ತಿರುವಿದರು.

ಒಂದು ದಿನ ಶಿಲ್ಪಾ ಕೈ ಒರೆಸಿಕೊಳ್ಳುತ್ತ ಕೇಳಿದಳು. "ಇಷ್ಟೆಲ್ಲಾ ಮಾಡ್ತೀರಲ್ಲ, ಕಾರು ಸಿದ್ಧ ಆದ್ಮೇಲೆ ಮೊದಲು ಯಾರನ್ನ ಕೂರಿಸ್ಕೊಂಡು ಹೋಗ್ತೀರಿ?"

"ಅಮ್ಮ ಒಲ್ಲೆ ಅಂದಿದಾರೆ. ಬಾನೆಟ್ ಇಲ್ಲದ ಕಾರು ಸೆರಗಿಲ್ಲದ ಹಾಗೆ ಕಾಣತ್ತಂತೆ."

ಈ ಸಲ ಅವಳು ನಕ್ಕೇಬಿಟ್ಟಳು. ಬಫಿಂಗಿನ ಕಪ್ಪು ಪುಡಿ ಅವಳ ಹುಬ್ಬಿನ ಮೇಲೆಲ್ಲ ಕೂತಿತ್ತು. ಆ ಮಸಿಯ ನಡುವೆ ನಗುವ ಕಣ್ಣುಗಳನ್ನು ನೋಡುತ್ತ ಶಶಿಕಿರಣ್ ಹೇಳಬೇಕಾದದ್ದನ್ನು ಹೇಳದೆ, "ಕುಸುಮಾ ಇದ್ದಿದ್ರೆ ಕೂರ್ತಿದ್ಲು," ಎಂದ.

ಅವಳು ನಗು ನಿಲ್ಲಿಸಲಿಲ್ಲ, ಮೆತ್ತಗೆ ಮಾಡಿಕೊಂಡಳು. "ಗಟ್ಟಿ ಹೆಣ್ಣು ಅನ್ಸತ್ತೆ."

"ಹೌದು. ಗಟ್ಟಿ."

ಅವನು ಹೊರಡುವಾಗ ತಣ್ಣಗಿನ ನೀರಿನ ಲೋಟ ಕೈಗಿತ್ತಳು. ಲೋಟ ತೆಗೆದುಕೊಂಡ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಕೊಟ್ಟ ಕೈಯೂ ಅವಸರ ಮಾಡಲಿಲ್ಲ.

ಕೊನೆಗೆ ಎಂಜಿನ್ನಿನಲ್ಲಿ ತೀರ್ಮಾನವಾಗದ ಭಾಗ ಒಂದೂ ಉಳಿಯಲಿಲ್ಲ. ವಾಲ್ವ್ ಕವರ್ ಒಂದೇ ಬಾಕಿ. ಆ ದಿನ ಶಿಲ್ಪಾ ಒಳಗೆ ಯಾರದೋ ಗಂಟೆ ತಿಕ್ಕುತ್ತಿದ್ದಳು. ಏಕಾಂತಪ್ಪನವರು ಪೇಪರ್ ಮಡಚಿಟ್ಟರು.

"ಶಶಿ, ನಿನ್ನ ಕಾರು ಯಾವಾಗ ಮುಗಿಯತ್ತಪ್ಪ?"

"ಇನ್ನೇನು ಮುಗೀತು. ಯಾಕೆ?"

"ವಸ್ತಾರೆ ಕಡೆ ಒಂದು ಸಂಬಂಧ ಬಂದಿದೆ. ಒಳ್ಳೆ ಜನ. ನೋಡೋಕೆ ಬರ್ತೀವಿ ಅಂತಾರೆ. ಇವಳು, ಆ ಕಾರಿನ ಕೆಲಸ ಮುಗೀಲಿ ಆಮೇಲೆ ಹೇಳ್ತೀನಿ ಅಂತಾಳೆ. ಅದಕ್ಕೂ ಇದಕ್ಕೂ ಎಂತ ಸಂಬಂಧ ಅಂತ ನಂಗೆ ಅರ್ಥ ಆಗಲ್ಲ. ನಿಂಗೇನಾದ್ರೂ ಆಗತ್ತಾ?"

ಶಶಿಕಿರಣ್ ಮನೆಯ ಗೋಡೆಯ ಮೇಲೆ ಕುಸುಮಾಳ ಪಟವಿತ್ತು. ಅದರ ಕೆಳಗೆ ಇನ್ನೊಬ್ಬಳನ್ನು ತಂದು ನಿಲ್ಲಿಸಲು ತನಗೆ ಹಕ್ಕಿದೆಯೇ ಎಂದು ಅವನು ತನ್ನನ್ನೇ ಕೇಳಿಕೊಂಡು, ಇಲ್ಲ ಎಂದು ತನಗೆ ತಾನೇ ಉತ್ತರ ಹೇಳಿಕೊಂಡಿದ್ದ.

ಒಳಗೆ ಹೋಗಿ, "ಕವರ್ ಪಾಲಿಶ್ ಮಾಡಿಬಿಡಿ ಶಿಲ್ಪಾ," ಎಂದ. "ಮುಂದಿನ ವಾರ ಒಯ್ತೀನಿ. ಅಲ್ಲಿಗೆ ನಿಮಗೆ ತೊಂದರೆ ಕೊಡೋದು ಮುಗಿಯತ್ತೆ."

ಅವಳು ಚಕ್ರ ನಿಲ್ಲಿಸಿ ಅವನನ್ನೇ ನೋಡಿದಳು. "ಮುಗಿಯತ್ತಾ?" ಎಂದಳು. ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ.

ಮುಂದಿನ ವಾರ ಬಂದಾಗ ಕವರ್ ಮಸಿ ಹಿಡಿದಂತೆ ಕಪ್ಪಾಗಿತ್ತು, ಮೈತುಂಬ ಗೀರು.

"ಪಾಲಿಶ್ ಆದ್ಮೇಲೆ ಎಣ್ಣೆ ಜಿಡ್ಡು ಹೋಗ್ಲಿ ಅಂತ ಒಲೆ ಬೂದಿ ಹಾಕಿ ತೆಂಗಿನ ನಾರಲ್ಲಿ ತಿಕ್ಕಿದೆ," ಎಂದಳು ಶಿಲ್ಪಾ, ಮುಖ ಎತ್ತದೆ. "ಪೂಜೆ ಪಾತ್ರೆ ತಿಕ್ಕಿ ಅಭ್ಯಾಸ. ಹಾಳಾಯ್ತು. ಮತ್ತೆ ಮಾಡಿಕೊಡ್ತೀನಿ."

"ಅದಕ್ಕೇನಂತೆ," ಎಂದ ಶಶಿಕಿರಣ್. ತನ್ನ ಧ್ವನಿಯಲ್ಲಿ ಎಷ್ಟು ಸಂತೋಷವಿದೆಯೆಂದು ತಿಳಿದು ನಾಚಿದ.

ಅದರ ಮುಂದಿನ ವಾರವೂ ಕವರ್ ಕಪ್ಪಾಗಿಯೇ ಇತ್ತು. "ಮರೆತು ಮತ್ತೆ ಬೂದಿ ಹಾಕಿದೆ," ಎಂದಳು. ಅವನು ಅದನ್ನೂ ನಂಬಿದ. ಪಾಪ, ಬಹಳ ಕೆಲಸ ಇವಳಿಗೆ, ಎಂದುಕೊಂಡ.

ಮೂರನೆಯ ಸಲ ಅವನು ಬಂದಾಗ ಅಂಗಡಿಯಲ್ಲಿ ಗಿರಾಕಿಯಿದ್ದರು. ತೋಟದ ಕೂಲಿಯವರ ಲೈನ್ ಮನೆಯ ತಿಮ್ಮಮ್ಮ ಅನ್ನ ಮಾಡಲು ದೊಡ್ಡ ಪಾತ್ರೆ ಕೊಳ್ಳುತ್ತಿದ್ದರು. ಶಶಿಕಿರಣ್ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತ.

"ಇದು ಅಲ್ಯೂಮಿನಿಯಂ, ತಿಮ್ಮಮ್ಮ," ಎನ್ನುತ್ತಿದ್ದಳು ಶಿಲ್ಪಾ. "ಬೂದಿ ಮಾತ್ರ ಮುಟ್ಟಿಸ್ಬೇಡಿ. ಕಪ್ಪಾಗಿಬಿಡತ್ತೆ. ನಂಗೆ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಸ್ಟೂಲಿನ ಮೇಲೆ ಕುಳಿತವನು ಕಂಡ. ಅವಳ ಕಿವಿಯ ತುದಿಯವರೆಗೂ ಕೆಂಪೇರಿತು.

ತಿಮ್ಮಮ್ಮ ಪಾತ್ರೆ ಹೊತ್ತು ಹೋದರು. ಏಕಾಂತಪ್ಪನವರು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು. "ನಾನು ಕಾಫಿ ಕುಡಿದು ಬರ್ತೀನಿ. ನಿಧಾನಕ್ಕೇ ಬರ್ತೀನಿ," ಎಂದು ಮೆಟ್ಟಿಲಿಳಿದರು.

"ಬೂದಿ ಹಾಕ್ಬಾರ್ದು ಅಂತ ನಿಮಗೆ ಗೊತ್ತಾ?" ಎಂದು ಕೇಳಿದ ಶಶಿಕಿರಣ್.

"ಪಾತ್ರೆ ಅಂಗಡೀಲಿ ಹುಟ್ಟಿದೋಳು ನಾನು."

"ಹೋದ ವಾರ?"

"ಹೋದ ವಾರಾನೂ ಗೊತ್ತಿತ್ತು."

"ಅದರ ಹಿಂದಿನ ವಾರ?"

"ಎಷ್ಟು ವಾರ ಅಂತ ಕೇಳ್ತೀರಿ?" ಅವಳು ಈಗ ನೇರವಾಗಿ ನೋಡಿದಳು. "ಇದು ಒಯ್ದ ಮೇಲೆ ಮತ್ತೆ ಯಾವ ಪಾರ್ಟ್ ತರ್ತಿದ್ರಿ? ಯಾವುದೂ ಇರ್ಲಿಲ್ಲ. ಅಪ್ಪ ವಸ್ತಾರೆಯವರಿಗೆ ಬನ್ನಿ ಅಂತಿದ್ರು. ನೀವು ತಲೆ ತಗ್ಗಿಸ್ಕೊಂಡು ಹೋದ್ರಲ್ಲ, ನಾನು ಎಂತ ಮಾಡ್ಬೇಕಿತ್ತು?"

ಹೊರಗೆ ಕಂಡಕ್ಟರ್ ಸಕಲೇಶಪುರ, ಸಕಲೇಶಪುರ ಎಂದು ಕೂಗುತ್ತಿದ್ದ.

"ಬೆಳಿಗ್ಗೆ ಪೂಜೆ ಆದ್ಮೇಲೆ ಕುಸುಮಾ ಪಟಕ್ಕೂ ಒಂದು ಹೂ ಇಡ್ತೀನಿ," ಎಂದ ಶಶಿಕಿರಣ್. "ಅದನ್ನ ಬಿಡೋಕೆ ನನ್ನಿಂದ ಆಗಲ್ಲ. ಬಿಡ್ಬೇಕು ಅಂತಾನೂ ಅನ್ಸಿಲ್ಲ. ಅಂಥವನು ಇನ್ನೊಬ್ಬರನ್ನ ಕೇಳೋದು ನ್ಯಾಯ ಅಲ್ಲ ಅಂತ ಸುಮ್ನಿದ್ದೆ."

"ನ್ಯಾಯನಾ ಅಂತ ನನ್ನ ಕೇಳಿದ್ರಾ?"

"ಇಲ್ಲ."

"ಕೇಳಿ."

ಅವನು ಎದ್ದು ನಿಂತ. "ನನ್ನನ್ನ ಮದುವೆ ಆಗ್ತೀರಾ, ಶಿಲ್ಪಾ?"

"ಹೂ ಇಡೋದು ಬಿಟ್ಟಿದೀನಿ ಅಂದಿದ್ರೆ ನಾನು ವಸ್ತಾರೆಗೇ ಹ್ಞೂಂ ಅಂತಿದ್ದೆ," ಎಂದಳು ಅವಳು. ಕಣ್ಣು ತುಂಬಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. "ಹೋದವರನ್ನ ಮರೆಯೋರ ಮನೇಲಿ ನಂಗೇನು ಕೆಲಸ? ನಿಮ್ಮನೆಗೆ ಬರ್ತೀನಿ. ಹೂ ನಾನೇ ಕೊಯ್ದು ಕೊಡ್ತೀನಿ."

ಶಶಿಕಿರಣ್ ಕೈ ಮುಂದೆ ಚಾಚಿದ. ಅವಳು ತನ್ನ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಒರೆಸದೆ ಹಾಗೆಯೇ ಅವನ ಅಂಗೈಯಲ್ಲಿಟ್ಟಳು.

"ಈ ಕವರಿಗೆ ಈಗ ಎಂತ ಮಾಡೋದು?" ಎಂದ, ಕೈ ಬಿಡದೆ.

"ಕನ್ನಡಿ ಹೊಳಪೇ. ಅದ್ರಲ್ಲಿ ಮಾತಿಲ್ಲ. ಕೂತ್ಕೊಳ್ಳಿ, ಈಗ್ಲೇ ಮಾಡಿಕೊಡ್ತೀನಿ."

"ಮತ್ತೆ ಹಾಳಾಗಲ್ಲ ತಾನೆ?"

"ಇನ್ನು ಹಾಳು ಮಾಡಿ ನನಗೆ ಎಂತ ಸಿಗತ್ತೆ?"

ಚಕ್ರ ತಿರುಗಿತು. ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ತೋರಿಸಿದಳು. ಅವನು ತಪ್ಪಾಗಿ ಹಿಡಿದಾಗಲೆಲ್ಲ ಅವನ ಮಣಿಕಟ್ಟನ್ನು ಸರಿಸಿದಳು. ಅವನು ಬಹಳ ಸಲ ತಪ್ಪಾಗಿ ಹಿಡಿದ.

ಏಕಾಂತಪ್ಪನವರು ಮರಳಿ ಬಂದಾಗ ವಾಲ್ವ್ ಕವರ್ ಬೆಳ್ಳಿಯಂತೆ ಮೇಜಿನ ಮೇಲಿತ್ತು. ಹಿಂದೆ ನಿಂತಿದ್ದ ಇಬ್ಬರ ಮುಖಗಳೂ ಮಸಿಯಾಗಿದ್ದವು. ಶಶಿಕಿರಣ್ ಮುಂದೆ ಬಂದು ಅವರ ಪಾದ ಮುಟ್ಟಿದ.

"ಅಪ್ಪಾ," ಎಂದಳು ಶಿಲ್ಪಾ, "ವಸ್ತಾರೆಯವರಿಗೆ ಫೋನ್ ಮಾಡಿ. ಬರೋದು ಬೇಡ ಅನ್ನಿ."

ಏಕಾಂತಪ್ಪನವರು ಅಳಿಯನ ತಲೆಯ ಮೇಲೆ ಕೈಯಿಟ್ಟರು. ತುಟಿಯಲ್ಲೇ ಶಿವನನ್ನು ನೆನೆದರು. ಆಮೇಲೆ ಗಲ್ಲಾದಲ್ಲಿ ಕುಳಿತು ಪೇಪರ್ ಬಿಡಿಸಿದರು.

"ಅದನ್ನ ಆವತ್ತೇ ಮಾಡಿದೆ ಮಗಳೆ. ನೀನು ಮೊದಲನೇ ಸಲ ಬೂದಿ ತಗೊಂಡು ಒಳಗೆ ಹೋದ್ಯಲ್ಲ, ಆವತ್ತೇ."