ಒಂಬತ್ತರ ಬಸ್ಸಿಗೆ ಬಾರದ ನೀರು

ಬಸ್ಸಿನಿಂದ ಇಳಿದವಳೇ ಕ್ಷಮಾ ಹಂಗಾರಕಟ್ಟೆಯ ದೋಣಿ ಕಟ್ಟುವ ಶೆಡ್ಡಿಗೆ ನುಗ್ಗಿದಳು. ಕೋಪ ಮೂಗಿನ ತುದಿಯಲ್ಲೇ ಇತ್ತು. ಅರ್ಧ ಕಟ್ಟಿದ ದೋಣಿಯ ಮೇಲೆ ಕೂತು ಹಲಗೆ ಉಜ್ಜುತ್ತಿದ್ದ ಕೀರ್ತನ್ ಅವಳನ್ನು ಕಂಡು ನಕ್ಕ. ಆ ನಗುವಿಗೆ ಕೆನ್ನೆಯಲ್ಲಿ ಬೀಳುವ ಗುಳಿಯೊಂದಿದೆಯಲ್ಲ, ಮೂರು ವರ್ಷದಿಂದ ಅವಳ ಓದು ಕೆಡಿಸಿದ್ದು ಅದೇ.

"ಹ್ವಾಯ್, ಇವತ್ತ್ ನೀರ್ ತುಂಬುಕೆ ಬಾಟ್ಲಿ ತರ್ಲಿಲ್ಯಾ?"

"ನಗಾಡ್ಬೇಡ. ಎಂ.ಎಸ್ಸಿ. ಸೀಟಿನ ಫಾರ್ಮ್ ವಾಪಾಸ್ ತಕಂಡದ್ದ್ ಎಂತಕ್ಕೆ?"

ನಗು ಮಾಯವಾಯಿತು.

ಇಬ್ಬರೂ ಕುಂದಾಪುರದ ಕಾಲೇಜಿನಲ್ಲಿ ಪರಿಸರ ವಿಜ್ಞಾನದ ಬಿ.ಎಸ್ಸಿ., ಕೊನೆಯ ವರ್ಷ. ಆ ವರ್ಷ, ಅಂದರೆ 2014ರಲ್ಲಿ, ಕಾಲೇಜು ಹೊಸದೊಂದು ದಾರಿ ತೆರೆದಿತ್ತು. ಡಿಗ್ರಿಯ ಕೊನೆಯ ವರ್ಷದಲ್ಲೇ ಎಂ.ಎಸ್ಸಿ.ಯ ನಾಲ್ಕು ಪೇಪರ್ ಮುಗಿಸಿಕೊಂಡವರಿಗೆ ಎರಡು ವರ್ಷದ ಎಂ.ಎಸ್ಸಿ. ಒಂದೇ ವರ್ಷದಲ್ಲಿ ಮುಗಿಯುತ್ತದೆ. ಪೇಪರ್ ಮುಗಿಸಿದವರು ಇವರಿಬ್ಬರೇ, ಸೀಟು ಮಾತ್ರ ಒಂದು. ಅಳಿವೆಯ ನೀರಿನ ಉಪ್ಪಿನಂಶದ ಬಗ್ಗೆ ಯಾರ ಪ್ರಾಜೆಕ್ಟ್ ಒಳ್ಳೆಯದಿದೆಯೋ ಅವರಿಗೆ ಸೀಟು.

ಕ್ಷಮಾಳಿಗೆ ಅದು ಬರೀ ಸೀಟಾಗಿರಲಿಲ್ಲ. ಸಾಲಿಗ್ರಾಮದ ಬಳಿ ಪೂಜೆ ಮಾಡಿಕೊಂಡಿದ್ದ ಅವಳ ಅಪ್ಪಯ್ಯ ವೈಕುಂಠ ಐತಾಳರು ಖಡಾಖಂಡಿತ ಹೇಳಿದ್ದರು: ಡಿಗ್ರಿ ಆದ ಮೇಲೆ ಒಂದೇ ವರ್ಷ, ಆಮೇಲೆ ಮದುವೆ. ಸೀಟು ತಪ್ಪಿದರೆ ಓದಿನ ಬಾಗಿಲೇ ಮುಚ್ಚಿದಂತೆ.

"ನಿನ್ನ ಮನೆಯರ್ ಕೊಟ್ಟದ್ದ್ ಒಂದೇ ವರ್ಷ. ನಂಗೆ ಅವಸರ ಮಾಡುವರ್ ಯಾರೂ ಇಲ್ಲೆ, ಎರಡ್ ವರ್ಷ ನಿಧಾನ ಓದ್ತೆ," ಅಂದ ಕೀರ್ತನ್.

"ನಾನ್ ಗೆಲ್ಲೂದಿಲ್ಲೆ ಅಂದ್ಹೇಳಿ ನೀನೇ ತೀರ್ಮಾನ ಮಾಡ್ದ್ಯಾ? ನಂಗೆ ನಿನ್ನ ದಾನ ಬೇಡ ಮಾರಾಯ!"

"ದಾನ ಅಲ್ಲ ಮಾರಾಯ್ತಿ..." ಅವನು ಕಣ್ಣು ತಪ್ಪಿಸಿದ. "ನಿನ್ನ ಲೆಕ್ಕವೇ ಸಮ ಇಲ್ಲೆ."

"ಎಂತ?"

"ನೀನ್ ಪ್ರತಿ ಭಾನುವಾರ ಒಂಬತ್ತರ ಬಸ್ಸಿಗೆ ಬಂದ್ ನೀರ್ ತೆಗಿತೆ. ಒಂದ್ ವಾರ ಆ ಹೊತ್ತಿಗೆ ಭರ್ತ, ಮತ್ತೊಂದ್ ವಾರ ಇಳ್ತ. ಸಮುದ್ರದ ನೀರ್ ಒಳಗ್ ಬಂದಾಗ ಉಪ್ಪ್ ಏರತ್ತ್, ಹೊಳಿ ನೀರ್ ಹೊರಗ್ ಹೋಪತ್ತಿಗೆ ಇಳಿತತ್ತ್. ನೀರ್ ಗಡಿಯಾರ ಕಂಡ್ ಬತ್ತಿಲ್ಲೆ. ಭರ್ತ ಇಳ್ತದ ಹೊತ್ತ್ ತಿಥಿ ಮೇಲೆ ಹೋತ್ತ್. ನನ್ನಪ್ಪ ದೋಣಿ ಇಳ್ಸೂಕೆ ತಿಥಿ ಕಾಂತ್ರ್, ನಾನೂ ಹಾಂಗೇ ತೆಗ್ದದ್ದ್."

ಒಂಬತ್ತಕ್ಕೆ ಬಂದು ಹನ್ನೊಂದರ ಬಸ್ಸಿಗೆ ಮನೆ ಸೇರಬೇಕು ಎಂಬುದು ಅಪ್ಪಯ್ಯನ ಅಪ್ಪಣೆ. ಮೂರು ತಿಂಗಳು ಅವಳು ಅಳೆದದ್ದು ಹೊಳೆಯನ್ನಲ್ಲ, ಅಪ್ಪಯ್ಯನ ಅಪ್ಪಣೆಯನ್ನು.

"ಯಾವಾಗ ಗೊತ್ತಾಯ್ತ್ ನಿಂಗೆ?"

"ಎರಡ್ ವಾರ ಆಯ್ತ್."

"ಗೊತ್ತಿದ್ದೂ ಹೇಳ್ಲಿಲ್ಲೆ!"

"ಹೇಳ್ರೆ ನೀನ್ ಮೊದ್ಲಿಂದ ಮಾಡ್ಕಾತಿತ್ತ್. ಸಮಯ ಎಲ್ಲಿತ್ತ್? ನಿನ್ನ ಓದ್ ನಿಂತ್ ಹೋಪುದ್ ನಂಗೆ ಕಾಂಬುಕೆ ಆತಿಲ್ಲೆ, ಕ್ಷಮಾ." ಅವಳ ಹೆಸರನ್ನು ಅವನು ಅಷ್ಟು ಮೆತ್ತಗೆ ಎಂದೂ ಕರೆದಿರಲಿಲ್ಲ. ಆದರೂ ಹಿಂತಿರುಗಿ ನೋಡದೆ ಹೊರಟಳು. ಹಾಳಾದವನು, ಪ್ರೀತಿ ಮಾಡುವುದಾದರೆ ನೆಟ್ಟಗೆ ಮಾಡಬಾರದೇ?

ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಸ್ನೇಹಲತಾ ಮೇಡಂ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ಅಂಕಿ ಅಂಶ ತಪ್ಪು, ಕೀರ್ತನ್‌ನ ಫಾರ್ಮ್ ಮತ್ತೆ ತೆಗೆದುಕೊಳ್ಳಬೇಕು.

"ಹಾಗಾದ್ರೆ ನಿಂಗೆ ಎರಡು ವರ್ಷದ ಎಂ.ಎಸ್ಸಿ.ಯೇ ಗತಿ, ಗೊತ್ತುಂಟಲ್ಲ?"

"ಗೊತ್ತುಂಟು ಮೇಡಂ. ಅವಸರ ಇದ್ದದ್ದು ನನಗಲ್ಲ."

ಸಂಜೆ ಜಗಲಿಯಲ್ಲಿ ಅಪ್ಪಯ್ಯ ಪಂಚಾಂಗ ಬಿಡಿಸಿಕೊಂಡು ಕೂತಿದ್ದರು. ಸೀಟು ಬಿಟ್ಟದ್ದನ್ನೂ ನಾಳೆಯಿಂದ ಇಳಿತದ ಹೊತ್ತಿಗೇ ಹೊಳೆಗೆ ಹೋಗುವುದನ್ನೂ ಕ್ಷಮಾ ನಿಂತೇ ಹೇಳಿದಳು.

"ಒಂದ್ ವರ್ಷ ಅಂದಿದ್ದೆ," ಅಂದರು ಅಪ್ಪಯ್ಯ, ತಲೆಯೆತ್ತದೆ.

"ಅದ್ ನಿಮ್ಮ ಲೆಕ್ಕ, ಅಪ್ಪಯ್ಯ. ನನ್ನ ಓದಿಗೆ ಎರಡ್ ವರ್ಷ ಬೇಕ್. ನೀವ್ ಬೇಡ ಅಂದ್ರೂ ಓದ್ತೆ. ಟ್ಯೂಷನ್ ಹೇಳಿಯಾದ್ರೂ ಓದ್ತೆ."

"ನಾಡಿದ್ದ್ ನಿನ್ನ ಕಾಂಬುಕೆ ಹುಡ್ಗನ ಕಡೆಯರ್ ಬತ್ರಲೆ!"

"ಬಪ್ಪುದ್ ಬೇಡ ಅಂದ್ಹೇಳಿ. ನಾನ್ ಮದ್ವೆ ಆಪುದಿದ್ರೆ ಹಂಗಾರಕಟ್ಟೆ ಚಂದಯ್ಯನ ಮಗ ಕೀರ್ತನ್‌ನನ್ನೇ."

ಜಾತಿ ಬೇರೆ, ಊಟ ಬೇರೆ. ಅಪ್ಪಯ್ಯ ಪಂಚಾಂಗ ಮಡಚಿ ಒಳಗೆ ಹೋದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಮ್ಮ ಗೋದಾವರಿ, "ನಾಳೆ ಹೊಳಿಗೆ ಹೋಪುದ್ ಹೌದಾದ್ರೆ ತಿಂಡಿ ತಿಂದ್ಕಂಡ್ ಹೋಗ್," ಅಂದಳು. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಮರುದಿನ ಇಳಿತ ಆರೂವರೆಗೆ. ಕ್ಷಮಾ ಮೊದಲ ಬಸ್ಸಿಗೇ ಹಂಗಾರಕಟ್ಟೆಗೆ ಬಂದು, ಚೂಡಿದಾರದ ಕಾಲು ಮಡಚಿ, ಕೆಸರಿಗಿಳಿದಳು. ಕೀರ್ತನ್ ಮೊದಲೇ ನೀರಲ್ಲಿ ನಿಂತಿದ್ದ.

"ಮೇಡಂ ಫೋನ್ ಮಾಡಿದ್ರ್. ಸೀಟ್ ನಂಗಂಬ್ರ್," ಅಂದ, ತಪ್ಪು ಮಾಡಿದವನ ದನಿಯಲ್ಲಿ.

"ಗೆದ್ದ್ ತಕಂಡದ್ದ್, ತಲೆ ಎತ್ತಿ ಹೇಳ್. ಮನೇಲೂ ಎಲ್ಲ ಹೇಳಿ ಬಂದೆ."

"ಎಂತ ಹೇಳ್ದೆ?"

"ನಿನ್ನ ಹೆಸ್ರ್."

ಅವನ ಕೈಯ ಬಾಟಲಿ ಜಾರಿ ನೀರಿಗೆ ಬಿತ್ತು. ಕಿವಿ ಕೆಂಪಾಯಿತು. "ನನ್ನ ಒಂದ್ ಮಾತ್ ಕೇಣದೆ?"

"ನೀನ್ ನನ್ನ ಕೇಂಡ್ ಫಾರ್ಮ್ ವಾಪಾಸ್ ತಕಂಡದ್ದಾ?" ಅವಳು ಹತ್ತಿರ ಬಂದು ಅವನ ಕಣ್ಣಿಗೆ ಕಣ್ಣಿಟ್ಟಳು. "ಈಗ ಕೇಂತೆ, ಕೇಣ್. ನಂಗೆ ನೀನ್ ಅಂದ್ರೆ ಪ್ರಾಣ. ನೀನ್ ಒಂದ್ ವರ್ಷ ಮೊದ್ಲೇ ಮುಗಿಸ್ತೆ. ನಾನ್ ಮುಗಿಸೂವರೆಗೆ ಕಾಯ್ತ್ಯಾ?"

"ಕಾಯ್ತೆ," ಅಂದ ಕೀರ್ತನ್. "ಇನ್ಮೇಲೆ ನಿನ್ನ ಕೇಣದೆ ಎಂತದೂ ಮಾಡೂದಿಲ್ಲೆ."

"ಹಾಂಗಾರೆ ಕೈ ಹಿಡಿ, ಕಾಲ್ ಹುಗಿತಾ ಇತ್ತ್."

ಹಿಡಿದ. ಆಮೇಲೆ ಬಿಡಲಿಲ್ಲ.