ತೊಳೆದ ಪಾದಗಳು

ಕಲ್ಲೋಳಿಯ ಕಬ್ಬಿನ ಹೊಲದಲ್ಲಿ ನರ್ಸ್ ಸಾವಂತ್ರೆವ್ವ ಬಿದ್ದಿದ್ದನ್ನು ಮೊದಲು ಕಂಡವನು ಕುರಿ ಕಾಯುವ ಮಾಲಿಂಗಪ್ಪ. ಬೆಳಗಿನ ಎಂಟು ಗಂಟೆ. ತಲೆ ಒಡೆದಿತ್ತು, ಉಸಿರಿತ್ತು. ಹಿಂದಿನ ದಿನ ಬಾಡಿಗೆ ಕೋಣೆಗೆ ಬೀಗ ಹಾಕಿ ಹೋದವಳು ಮರಳಿಲ್ಲವೆಂದು ಊರಲ್ಲಿ ಒಬ್ಬರೂ ಕೇಳಿರಲಿಲ್ಲ. 1958ರಲ್ಲಿ ಸರ್ಕಾರ ಹಳ್ಳಿಗೆ ನರ್ಸನ್ನು ಕಳಿಸಿತ್ತು, ಅವಳಿಗೊಂದು ಜೊತೆ ಕಳಿಸಿರಲಿಲ್ಲ.

ಪೊಲೀಸ್ ಫೌಜದಾರ ಅಪ್ಪಣ್ಣ ಬರುವಷ್ಟರಲ್ಲಿ ಊರವರು ಮಾಲಿಂಗಪ್ಪನನ್ನು ಮರಕ್ಕೆ ಕಟ್ಟಿ ಪತ್ತೇದಾರಿಕೆ ಮುಗಿಸಿದ್ದರು.

“ದಾರ್ಯಾಗ ತಡದು ಹೊಡದಾನ್ರಿ ಸಾಹೇಬ್ರ,” ಎಂದ ಬಾಜೂ ಹೊಲದ ಶಿದ್ರಾಮ.

ಅಪ್ಪಣ್ಣ ಅವಳ ಪಾದ ನೋಡಿದ. ಚಪ್ಪಲಿ ಇಲ್ಲ. ಅಂಗಾಲಿಗೆ ಧೂಳಿಲ್ಲ, ಗೀರಿಲ್ಲ. ಹೊಲ, ದಾರಿ ಎಲ್ಲ ಹುಡುಕಿಸಿದರೂ ಚಪ್ಪಲಿ ಸಿಗಲಿಲ್ಲ.

“ಮಾಲಿಂಗಪ್ಪನ್ನ ಬಿಚ್ಚರಿ. ಆಕಿನ್ನ ಗೋಕಾಕ ದವಾಖಾನಿಗೆ ಒಯ್ರಿ.”

*

“ಊರಾಗ ಬಾಣಂತ್ಯಾರು ಎಷ್ಟ ಮಂದಿ?” ಅಪ್ಪಣ್ಣ ಸೂಲಗಿತ್ತಿ ಅಲ್ಲವ್ವನನ್ನು ಕೇಳಿದ.

“ಇಬ್ಬರ್ರಿ. ದುಂಡವ್ವ, ಮತ್ತ ಶಿದ್ರಾಮನ ಹೇಣ್ತಿ ಶೆಟ್ಟೆವ್ವ.”

ಹಿಂದಿನ ದಿನ ದುಂಡವ್ವನ ಮನೆಯಿಂದ ನರ್ಸ್ ಹೊರಟಿದ್ದನ್ನು ಓಣಿಯೆಲ್ಲ ನೋಡಿತ್ತು. ಅಪ್ಪಣ್ಣ ಶಿದ್ರಾಮನ ಬಾಗಿಲಿಗೆ ಬಂದ.

“ನರ್ಸಬಾಯಿ ನಮ್ಮ ಹೊಸ್ತಲಾ ತುಳದಿಲ್ರಿ. ಹೆರಿಗಿ ನಮ್ಮವ್ವನ ಮಾಡಿಸ್ಯಾಳ,” ಎಂದ ಶಿದ್ರಾಮ.

“ಕೂಸಿನ್ನ ಹೊರಗ ತರ್ರಿ.”

ಶಿದ್ರಾಮನ ತಾಯಿ ಕೂಸನ್ನು ತಂದಳು. ಊರಿನಲ್ಲಿ ಹೊಕ್ಕಳಿಗೆ ಬೂದಿ ಹಚ್ಚುವುದು ರೂಢಿ. ಈ ಕೂಸಿನ ಹೊಕ್ಕಳಿಗೆ ಹೊಸ ಬಿಳಿ ಬ್ಯಾಂಡೇಜು ಇತ್ತು.

“ಇದನ್ನ ಯಾರ ಕಟ್ಟಿದ್ರು?”

ಮುದುಕಿ ಮಗನ ಮುಖ ನೋಡಿದಳು. ಒಳಗಿನಿಂದ ಶೆಟ್ಟೆವ್ವನ ದನಿ ಬಂತು.

“ನರ್ಸಬಾಯಿನೇ ಕಟ್ಟಿದ್ರು. ಅತ್ತಿ ಮನ್ಯಾಗ ಇರಲಿಲ್ಲ. ಇವರು ಅವರ ಕೈ ಹಿಡದು ಎಳದ್ರು. ನರ್ಸಬಾಯಿ ಒದರಿದ್ರು. ಇವರು ಒನಕೀಲೆ ತಲಿಗೆ ಹೊಡದ್ರು.”

ಶಿದ್ರಾಮ ಕುಸಿದು ಕೂತ. “ಸತ್ತಳಂತ ಕಂಬಳ್ಯಾಗ ಸುತ್ತಿ, ಮೇವಿನ ಚಕ್ಕಡ್ಯಾಗ ಒಯ್ದು ಒಗದೆ. ಒಬ್ಬಾಕಿನ ಇರ್ತಾಳ, ಕೇಳವರು ಯಾರದಾರ ಅನಕೊಂಡೆ.”

ನರ್ಸಿನ ಚಪ್ಪಲಿ, ಔಷಧದ ಚೀಲ ಶಿದ್ರಾಮನ ಬಣವೆಯಡಿ ಸಿಕ್ಕವು.

“ದಾರ್ಯಾಗ ಹೊಡದಿದ್ರ ಕಾಲಾಗ ಚಪ್ಪಲಿ ಇರತಿದ್ದು,” ಅಪ್ಪಣ್ಣ ಊರವರಿಗೆ ಹೇಳಿದ. “ಬರಿಗಾಲಲೆ ನಡದಿದ್ರ ಮಣ್ಣ ಇರತಿತ್ತು. ಚಪ್ಪಲಿ ಬಿಟ್ಟು, ಕಾಲ ತೊಳಕೊಂಡು ಒಳಗ ಹೋಗೂದು ಬಾಣಂತಿ ಮನಿಗೆ.”

*

ಐದನೆಯ ದಿನ ಸಾವಂತ್ರೆವ್ವ ಕಣ್ಣು ಬಿಟ್ಟಳು.

“ಯಾರ ಮನಿಗೆ ಹೊಂಟೇನಿ ಅಂತ ಯಾರಿಗರ ಹೇಳಿ ಹೋಗಬಾರದೇನ್ರಿ ಬಾಯಿ?” ಅಪ್ಪಣ್ಣ ಗದರಿದ.

“ಯಾರಿಗೆ ಹೇಳಲ್ರಿ?”

ಫೌಜದಾರನಿಗೆ ನಾಚಿಕೆಯಾಯಿತು.

ತಿಂಗಳಾದ ಮೇಲೆ ಅವಳು ಕಲ್ಲೋಳಿಗೆ ಮರಳಿದಳು. ಮೊದಲ ದಿನವೇ ಚೀಲ ಹೆಗಲಿಗೇರಿಸಿ ಪೊಲೀಸ್ ಚೌಕಿಯ ಮುಂದೆ ನಿಂತಳು.

“ದುಂಡವ್ವನ ಮನಿಗೆ ಹೊಂಟೇನ್ರಿ. ಹನ್ನೆರಡಕ್ಕ ಬರ್ತೇನಿ.”

ಹನ್ನೊಂದೂವರೆಗೇ ಅಪ್ಪಣ್ಣ ಬಾಗಿಲಿಗೆ ಬಂದು ಅವಳ ದಾರಿ ನೋಡುತ್ತ ನಿಂತ.